ಪಾರ್ಕಿನ್ಸನ್‌ಗೆ ‘ಬ್ರೈನ್ ಡಿಟಾಕ್ಸ್’: ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ಅಪ್ಪನಿಗೆ 67 ವರ್ಷ, ಪಾರ್ಕಿನ್ಸನ್ ಇದೆ. ಮಿದುಳಿನ ಕಸ ಹೊರಹೋಗದೆ ಕಾಯಿಲೆ ಹೆಚ್ಚುತ್ತಿದೆ, ‘ಬ್ರೈನ್ ಡಿಟಾಕ್ಸ್’ ಮಾಡಿಸಿದರೆ ಮಾತ್ರೆಯೇ ಬೇಡ ಎಂದು ಇಲ್ಲೊಂದು ಕೇಂದ್ರದವರು ಹೇಳುತ್ತಾರೆ. ಮಾಡಿಸಲೇ ಡಾಕ್ಟ್ರೇ?
– ಓದುಗರು, ರಾಜಾಜಿನಗರ

ಉತ್ತರ: ಬೇಡ. ಪಾರ್ಕಿನ್ಸನ್‌ನ ಮುಖ್ಯ ಔಷಧಿ ಲೆವೊಡೋಪಾವನ್ನು ದಿಢೀರನೆ ನಿಲ್ಲಿಸಿದರೆ ಮೈ ಸೆಟೆದು, ಜ್ವರ ಏರಿ, ಪ್ರಜ್ಞೆ ತಪ್ಪಿ ಐಸಿಯು ಸೇರಬೇಕಾಗಬಹುದು, ಜೀವಕ್ಕೇ ಅಪಾಯ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ಮಿದುಳಿಗೆ ತ್ಯಾಜ್ಯ ಹೊರಹಾಕುವ ವ್ಯವಸ್ಥೆ ಇರುವುದು ನಿಜ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ 2012ರಲ್ಲಿ ಅದನ್ನು ವಿವರಿಸಿ, ಗ್ಲಿಂಫ್ಯಾಟಿಕ್ ವ್ಯವಸ್ಥೆ ಎಂದು ಹೆಸರಿಟ್ಟಿತು. ಅಪಧಮನಿಗಳ ಸುತ್ತಲಿನ ಸಂದಿಯಲ್ಲಿ ದ್ರವ ಒಳಗಿಳಿದು, ಕೋಶಗಳ ನಡುವೆ ಹರಿದು, ಬೇಡದ ಪ್ರೋಟೀನುಗಳನ್ನು ಹೊತ್ತು ಅಭಿಧಮನಿಗಳ ಪಕ್ಕದಿಂದ ಹೊರಬೀಳುತ್ತದೆ ಎಂಬುದು ಅವರ ವಿವರಣೆ. ನಿದ್ರಿಸುವ ಇಲಿಗಳಲ್ಲಿ ಕೋಶಗಳ ನಡುವಿನ ಜಾಗ ಸುಮಾರು 60% ಹಿಗ್ಗಿ ಕಸ ಬೇಗ ಹೊರಹೋಗುತ್ತದೆಂದು 2013ರಲ್ಲಿ ಅದೇ ತಂಡ ಪ್ರಕಟಿಸಿತು. ಆದರೆ 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ಅವರೂ ಇಲಿಗಳಲ್ಲೇ ಅಳೆದು, ನಿದ್ರೆಯಲ್ಲಿ ಈ ಕೆಲಸ ತಗ್ಗುತ್ತದೆಂದು ವರದಿ ಕೊಟ್ಟರು. ಪ್ರಯೋಗಾಲಯದಲ್ಲೇ ಇತ್ಯರ್ಥವಾಗದ್ದನ್ನು ಚಿಕಿತ್ಸೆಯೆಂದು ಮಾರುವುದು ಶುದ್ಧ ಮೋಸ.

ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಗಟ್ಟುತ್ತದೆ. ಈ ರೋಗಿಗಳಲ್ಲಿ ದ್ರವದ ಹರಿವು ಕುಂದಿರುವ ಸೂಚನೆ ಹಲವು ಎಂಆರ್‌ಐ ಅಧ್ಯಯನಗಳಲ್ಲಿ ಸಿಕ್ಕಿದೆ. ಆದರೆ ಅಲ್ಲಿ ಎಂಆರ್‌ಐ ಚಿತ್ರದಿಂದ ಲೆಕ್ಕಹಾಕುವ ‘ಆಲ್ಪ್ಸ್’ ಎಂಬ ಸೂಚ್ಯಂಕ ಹರಿವನ್ನು ನೇರವಾಗಿ ಅಳೆಯುವುದಿಲ್ಲ. ಹರಿವು ಕುಂದಿ ಕಾಯಿಲೆ ಬೆಳೆಯಿತೋ, ಕಾಯಿಲೆಯಿಂದ ಹರಿವು ಕುಂದಿತೋ ಎಂಬುದೂ ಅದರಿಂದ ತಿಳಿಯದು. ಆ ಸ್ಕ್ಯಾನಿಗೆ ದುಡ್ಡು ಸುರಿಯಬೇಡಿ. ‘ಡಿಟಾಕ್ಸ್’ ಹೆಸರಿನ ಮೂಗಿನ ಹನಿ, ಡ್ರಿಪ್, ತಲೆಗೆ ಎಣ್ಣೆ ಯಾವುದೂ ಪಾರ್ಕಿನ್ಸನ್ ಬೆಳೆಯುವುದನ್ನು ತಡೆಯುತ್ತದೆಂದು ಸಾಬೀತಾಗಿಲ್ಲ.

ನೀವು ಕೇಳಬೇಕಿದ್ದದ್ದು ಅಪ್ಪನ ನಿದ್ದೆಯ ಬಗ್ಗೆ. ಕನಸಿನಲ್ಲಿ ಕೂಗುತ್ತಾರಾ, ಒದೆಯುತ್ತಾರಾ? ಈ ತೊಂದರೆ ಕೈನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಮನೆಯವರು ಕೆಟ್ಟ ಕನಸೆಂದು ಸುಮ್ಮನಾಗಿರುತ್ತಾರೆ. ಮೊಬೈಲಿನಲ್ಲಿ ವಿಡಿಯೊ ಮಾಡಿ ನಿಮ್ಮ ನರರೋಗ ತಜ್ಞರಿಗೆ ತೋರಿಸಿ. ಮಂಚದ ಪಕ್ಕ ಗಾಜು, ಚೂಪಾದ ಸಾಮಾನು ಇಡಬೇಡಿ. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ನಿದ್ರಾ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಲೇಬೇಡಿ. ರಾತ್ರಿ ಬಾತ್‌ರೂಮಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಅಲ್ಲದೆ 2025ರ ಒಂದು ಇಲಿ ಅಧ್ಯಯನದಲ್ಲಿ ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಮಿದುಳಿನ ಈ ದ್ರವದ ಹರಿವನ್ನೇ ಕುಗ್ಗಿಸಿತ್ತು. ಅಪ್ಪನನ್ನು ದಿನಾ ಚುರುಕಾಗಿ ನಡೆಸಿ. ವ್ಯಾಯಾಮದಿಂದ ನಡಿಗೆ, ಸಮತೋಲನ ಸುಧಾರಿಸುತ್ತದೆ. ಅದಕ್ಕೆ ಗಟ್ಟಿ ಪುರಾವೆಯಿದೆ.

ಪ್ರಶ್ನೆ: ನಸುಗುನ್ನಿ ಪುಡಿ ಕೊಡಬಹುದೇ? (ಮಲ್ಲೇಶ್ವರ)
ಉತ್ತರ: ಅದರಲ್ಲೂ ಲೆವೊಡೋಪಾ ಇದೆ. ಮಾತ್ರೆಯ ಜೊತೆ ಸೇರಿದರೆ ಡೋಸ್ ಲೆಕ್ಕ ತಪ್ಪುತ್ತದೆ, ಬೇಡ.

ಪ್ರಶ್ನೆ: ತಾಮ್ರದ ಚೊಂಬಿನ ನೀರು? (ವಿಜಯನಗರ)
ಉತ್ತರ: ಪಾರ್ಕಿನ್ಸನ್‌ಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಅಮ್ಮನಿಗೆ ಪಾರ್ಕಿನ್ಸನ್. ವಾಂತಿಗೆ ಮೆಟೊಕ್ಲೋಪ್ರಮೈಡ್ ಕೊಟ್ಟಿದ್ದಾರೆ, ನಡಿಗೆ ಕೆಟ್ಟಿದೆ. (ಬನಶಂಕರಿ)
ಉತ್ತರ: ಆ ಮಾತ್ರೆ ಪಾರ್ಕಿನ್ಸನ್ ಲಕ್ಷಣಗಳನ್ನು ಹೆಚ್ಚಿಸುತ್ತದೆ. ಬರೆದುಕೊಟ್ಟವರಿಗೆ ಇವತ್ತೇ ಫೋನ್ ಮಾಡಿ, ಬದಲಿಸಲು ಹೇಳಿ.