ಕಾಲೇಜು ತಂಡವನ್ನು ಗೆಲ್ಲಿಸುವ ಕೋಚ್ ತಪ್ಪು ಮಾಡಿದರೆ ಶಿಕ್ಷೆ ಯಾಕೆ ತಡವಾಗುತ್ತದೆ?

ಶಿಕ್ಷೆ ಕೊಡಬೇಕಾದವರಿಗೇ ಆ ಕೋಚ್ ಬೇಕಾಗಿರುತ್ತಾನೆ, ಅದಕ್ಕೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಗೆಲ್ಲುವ ತಂಡ ಅಂದರೆ ಟಿಕೆಟ್ ದುಡ್ಡು, ಟಿವಿ ದುಡ್ಡು, ಹಳೆ ವಿದ್ಯಾರ್ಥಿಗಳ ದೇಣಿಗೆ. ಕೋಚ್ ಮೇಲೆ ಕೈ ಹಾಕಿದರೆ ಅಭಿಮಾನಿಗಳು, ದೇಣಿಗೆ ಕೊಡುವವರು ಎಲ್ಲ ವಿಶ್ವವಿದ್ಯಾಲಯದ ಅಧ್ಯಕ್ಷರ ಮೇಲೇ ತಿರುಗಿ ಬೀಳುತ್ತಾರೆ.

ಇಂಡಿಯಾನಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಬಾಬ್ ನೈಟ್ ಕಥೆ ನೋಡಿ. 1976, 1981, 1987ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಮನುಷ್ಯ. 1985ರಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ರೆಫರಿಗಳ ಮೇಲೆ ಸಿಟ್ಟು ಬಂತು. ಎದುರಾಳಿ ಆಟಗಾರ ಫ್ರೀ ಥ್ರೋ (ಯಾರೂ ತಡೆಯದೆ ಬುಟ್ಟಿಗೆ ಚೆಂಡು ಹಾಕುವ ಅವಕಾಶ) ಎಸೆಯಲು ನಿಂತಿದ್ದ. ಅವನ ಮುಂದೆಯೇ ನೈಟ್ ಎಸೆದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ಅಂಕಣದ ಮೇಲೆ ಜಾರಿಕೊಂಡು ಹೋಯಿತು. ಶಿಕ್ಷೆ? ಒಂದೇ ಒಂದು ಪಂದ್ಯದ ಅಮಾನತು.

2000ದಲ್ಲಿ ಒಂದು ಹಳೆ ವಿಡಿಯೊ ಹೊರಬಂತು. 1997ರ ಅಭ್ಯಾಸದಲ್ಲಿ ತನ್ನದೇ ಆಟಗಾರನ ಕುತ್ತಿಗೆಗೆ ನೈಟ್ ಕೈ ಹಾಕಿದ್ದು ಅದರಲ್ಲಿತ್ತು. ಆಗಲೂ 3 ಪಂದ್ಯಗಳ ಅಮಾನತು, 30,000 ಡಾಲರ್ ದಂಡ, ಜೊತೆಗೆ 'ಇನ್ನೊಂದು ತಪ್ಪು ಮಾಡಿದರೆ ಸಹಿಸಲ್ಲ' ಎಂಬ ಎಚ್ಚರಿಕೆ ಅಷ್ಟೆ. ಕೆಲವೇ ತಿಂಗಳಲ್ಲಿ, ತನ್ನನ್ನು ಬರೀ 'ನೈಟ್' ಅಂತ ಕರೆದ ಹೊಸ ವಿದ್ಯಾರ್ಥಿಯ ತೋಳು ಹಿಡಿದ. ಸೆಪ್ಟೆಂಬರ್ 10ರಂದು ಕೆಲಸ ಹೋಯಿತು.

ವಿಚಿತ್ರ ಅಲ್ವಾ? ಕುತ್ತಿಗೆಗೆ ಕೈ ಹಾಕಿದ್ದಕ್ಕೆ ಹೋಗದ ಕೆಲಸ ತೋಳು ಹಿಡಿದಿದ್ದಕ್ಕೆ ಹೋಯಿತು. ಮೊದಲೇ ಅಳತೆಗೆ ತಕ್ಕ ಶಿಕ್ಷೆ ಕೊಡದಿದ್ದರೆ ಕೊನೆಯದು ಜಾಸ್ತಿ ಆಯ್ತೇನೋ ಅನ್ನಿಸುತ್ತದೆ. ಅವತ್ತು ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು, ನೈಟ್ ಪರವಾಗಿ. ಮರುವರ್ಷವೇ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯ ಅವನನ್ನು ಕರೆದು ಕೆಲಸ ಕೊಟ್ಟಿತು.