‘ಕುಡಿದು ಬಂದಿದ್ದೀರಾ?’ ಅಂತ ಕೇಳಿದ ಮೇಲೆ

(ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ರಾಜಣ್ಣನವರಿಗೆ 48 ವರ್ಷ. ಹಳೇ ಮೈಸೂರು ಕಡೆಯ ಒಂದು ಹೋಬಳಿಯಲ್ಲಿ ದಿನಸಿ ಅಂಗಡಿ. ಕೆನ್ನೆಯ ಒಳಗೆ ವಾಸಿಯಾಗದ ಹುಣ್ಣು, ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್. ಆಪರೇಷನ್ ಆಯ್ತು, ಆರು ವಾರ ರೇಡಿಯೇಷನ್ ಆಯ್ತು. ಅದೆಲ್ಲ ಮುಗಿದು ಎಂಟು ತಿಂಗಳಾಗಿತ್ತು. ಚೆಕಪ್‌ನಲ್ಲಿ ಎಲ್ಲ ಸರಿಯಾಗಿದೆ ಅಂದಿದ್ದರು. ಆದರೂ ಮನುಷ್ಯ ಮನೆಯ ಹಿಂದಿನ ಉಗ್ರಾಣ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಹೆಂಡತಿ ಕೂರುತ್ತಿದ್ದರು. “ಗುಣ ಆಯ್ತಲ್ಲ, ಇನ್ನೇನು?” ಅಂತ ನೆಂಟರೆಲ್ಲ ಕೇಳೋರು. ಕೊನೆಗೆ ಹೆಂಡತಿ, ಮಗ ಸೇರಿ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಕರೆತಂದರು.

ಏನು ಕೇಳಿದರೂ ಮಗನೇ ಉತ್ತರ ಹೇಳುತ್ತಿದ್ದ. ಪಿಯುಸಿ ಓದುವ ಹುಡುಗ, ಅಪ್ಪನಿಗೆ ತೊಂದರೆ ಆಗಬಾರದು ಅಂತ. ಇಬ್ಬರನ್ನೂ ಹೊರಗೆ ಕೂರಿಸಿ ನಾನು ಸುಮ್ಮನೆ ಕಾದೆ. ರಾಜಣ್ಣನವರ ಕೈಯಲ್ಲಿ ಒಂದು ಟವೆಲ್. ತುಟಿಯ ಒಂದು ಕಡೆಯಿಂದ ಜೊಲ್ಲು ಇಳಿಯುತ್ತೆ, ಎರಡು ಮಾತಿಗೊಮ್ಮೆ ಒರೆಸಿಕೊಳ್ಳುತ್ತಾರೆ. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತೆ. ಮಾತು ತೊದಲು, ಆದರೆ ನಿಧಾನವಾಗಿ ಕೇಳಿದರೆ ಪೂರ್ತಿ ಅರ್ಥವಾಗುತ್ತೆ.

ಒಂದು ಸಲ ಬ್ಯಾಂಕಿಗೆ ಹೋಗಿದ್ದರಂತೆ. ಕೌಂಟರಿನಲ್ಲಿದ್ದವರು ಇವರ ಮಾತು ಕೇಳಿ “ಬೆಳಿಗ್ಗೆನೇ ಕುಡಿದು ಬಂದಿದ್ದೀರಾ?” ಅಂದರು. ಸಾಲಿನಲ್ಲಿದ್ದವರು ನಕ್ಕರು. “ಜೀವನದಲ್ಲಿ ಒಂದು ಹನಿ ಮುಟ್ಟಿದವನಲ್ಲ ಮೇಡಂ. ಹಾಕ್ಕೊಂಡಿದ್ದು ಅದೊಂದೇ” ಅಂದರು. ಅದು ಅಂದರೆ ಗುಟ್ಕಾ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದ ಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಬಂತು. ಎರಡನ್ನೂ ಬೆರೆಸಿದರೆ ಮತ್ತೆ ಅದೇ. ಇವರು ತಿಂದಿದ್ದಷ್ಟೇ ಅಲ್ಲ, ಮಾರಿದ್ದೂ ಉಂಟು. “ಊರಿನ ಹುಡುಗರಿಗೆಲ್ಲ ಕೊಟ್ಟೆ. ಅದಕ್ಕೇ ದೇವರು ನನಗೆ ಹೀಗೆ ಮಾಡಿದ” ಅನ್ನೋದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಇನ್ನೊಂದು ಮಾತು ಹೇಳುವಾಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಆಪರೇಷನ್‌ನಲ್ಲಿ ಎದೆಯ ಚರ್ಮ, ಮಾಂಸ ತೆಗೆದು ಕೆನ್ನೆಯೊಳಗೆ ಹೊಲಿದಿದ್ದಾರೆ. ಅಲ್ಲಿ ಈಗ ಕೂದಲು ಬೆಳೆಯುತ್ತಿದೆ. ಬಾಯೊಳಗೆ ಕೂದಲು! ಹೆಂಡತಿಗೂ ಹೇಳಿರಲಿಲ್ಲ. ಬಾಯಿ ವಾಸನೆ ಬೇರೆ, ಅಂತ ಹಾಸಿಗೆಯನ್ನೂ ಉಗ್ರಾಣಕ್ಕೆ ಹಾಕಿಕೊಂಡಿದ್ದರು. ಎದೆಯ ಚರ್ಮ ಹಾಕಿದಾಗ ಕೂದಲು ಬರೋದು ಮಾಮೂಲಿ, ಆಸ್ಪತ್ರೆಯಲ್ಲಿ ಕೇಳಿದರೆ ಕತ್ತರಿಸಿ ಕೊಡುತ್ತಾರೆ ಅಂದೆ. ಅವರ ಮುಖದಲ್ಲಿ ಮೊದಲ ಸಲ ಸ್ವಲ್ಪ ನಿರಾಳ ಕಂಡಿತು. ಆಪರೇಷನ್‌ಗೆ ಮುಂಚೆ ಇಂಥದ್ದನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಎಷ್ಟೋ ಜನರ ಸಂಕಟ ಕಮ್ಮಿ ಆಗುತ್ತೆ ಅಲ್ವಾ?

ಸಾಯಬೇಕು ಅನ್ನಿಸುತ್ತದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋ ಭಯ ಬಹಳ ಜನಕ್ಕಿದೆ, ಅದು ನಿಜವಲ್ಲ. ಅದರಲ್ಲೂ ಬಾಯಿ, ಗಂಟಲ ಕ್ಯಾನ್ಸರ್ ಆದವರನ್ನು ಕೇಳಲೇಬೇಕು. ಮುಖ, ಮಾತು, ಊಟ ಮೂರಕ್ಕೂ ಪೆಟ್ಟು ಬಿದ್ದಿರುತ್ತೆ, ಆತ್ಮಹತ್ಯೆಯ ಅಪಾಯವೂ ಜಾಸ್ತಿ. “ಆಗಾಗ ಬರುತ್ತೆ. ಮಗನ ಮುಖ ನೋಡಿ ಸುಮ್ಮನಾಗ್ತೀನಿ” ಅಂದರು. ನಿದ್ದೆ ಕೆಟ್ಟಿತ್ತು, ತೂಕ ಇಳಿದಿತ್ತು. ಅದೇ ವಾರ ಮನೋವೈದ್ಯರಿಗೆ ತೋರಿಸಿದೆವು, ಮಾತ್ರೆ ಶುರುವಾಯಿತು. ಅಂಗಡಿಯಲ್ಲಿದ್ದ ಇಲಿ ಪಾಷಾಣ, ಕೀಟನಾಶಕ ಎಲ್ಲ ತೆಗೆಸಿದೆವು. ಅವರ ಫೋನಿನಲ್ಲಿ 14416 ಸೇವ್ ಮಾಡಿಸಿದೆ. ಅದು ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು. ದುಡ್ಡು ಕೊಡಬೇಕಿಲ್ಲ, ರಾತ್ರಿ ಹೊತ್ತೂ ಮಾತಾಡಬಹುದು, ಕನ್ನಡದಲ್ಲೇ.

“ಧೈರ್ಯವಾಗಿರಿ” ಅಂತ ನಾನು ಹೇಳಲಿಲ್ಲ. ಆ ಮಾತು ಕೇಳಿಸಿಕೊಂಡವರು ಮುಂದೆ ಬಾಯಿ ಬಿಡೋದಿಲ್ಲ.

ತಪ್ಪಿತಸ್ಥ ಭಾವನೆಯ ಬಗ್ಗೆ ಹೇಳಿದ್ದು ಇಷ್ಟು: ತಂಬಾಕು, ಅಡಿಕೆಯಿಂದ ಕ್ಯಾನ್ಸರ್ ಬರುತ್ತೆ, ಅದನ್ನು ಮುಚ್ಚಿಡೋದು ಬೇಡ. ಆದರೆ ಕಾರಣ ಬೇರೆ, ಶಿಕ್ಷೆ ಬೇರೆ. ಶಿಕ್ಷೆ ಅಂದುಕೊಂಡರೆ ಉಗ್ರಾಣದಲ್ಲೇ ಕೂರಬೇಕಾಗುತ್ತೆ. ಕಾರಣ ಅಂದುಕೊಂಡರೆ, ನಾಳೆಯಿಂದ ಮಾರೋದು ನಿಲ್ಲಿಸಬಹುದು.

ಊಟದ ವಿಷಯಕ್ಕೆ ಜಾಸ್ತಿ ಸಮಯ ಕೊಟ್ಟೆ, ಯಾಕಂದರೆ ಸಂಬಂಧ ಕಡಿದು ಹೋಗಿದ್ದೇ ಅಲ್ಲಿ. ಮದುವೆ ಮನೆಯ ಪಂಕ್ತಿ ಬಿಟ್ಟರು, ಆಮೇಲೆ ಮನೆಯಲ್ಲಿ ಜೊತೆಗೆ ಉಣ್ಣೋದು ಬಿಟ್ಟರು. ಜೊಲ್ಲು ಬೇರೆ ಇಳಿಯುತ್ತೆ, ಅನ್ನದ ಅಗುಳು ಹೊರಗೆ ಬರುತ್ತೆ. ರೇಡಿಯೇಷನ್ ಆದ ಬಾಯಿಗೆ ಚೂರು ಖಾರವೂ ಉರಿ. ಮುದ್ದೆ ಹೇಗೂ ಅಗಿಯೋದಲ್ಲ, ನುಂಗೋದು. ನುಂಗುವ ತರಬೇತಿ ಕೊಡುವವರ ಹತ್ತಿರ ಮೊದಲು ಕಳಿಸಿದೆ. ಅವರು ಒಪ್ಪಿದ ಮೇಲೆ ಮೆತ್ತಗಿನ ಮುದ್ದೆ, ಚಿಕ್ಕ ತುತ್ತು, ಖಾರವಿಲ್ಲದ ತೆಳು ಸಾರು. ರಾತ್ರಿ ಊಟ ಒಂದೇ ಹೊತ್ತು ಎಲ್ಲರೂ ಒಟ್ಟಿಗೆ, ಟಿವಿ ಹಾಕಿಕೊಂಡು. ಟಿವಿ ಇದ್ದರೆ ಯಾರೂ ಯಾರ ಬಾಯಿ ನೋಡೋದಿಲ್ಲ.

ಮಗನಿಗೆ ಹೇಳಿದ್ದು: ಅಪ್ಪನ ಮಾತನ್ನು ನೀನು ಮುಗಿಸಬೇಡ, ಕಾಯು. ರಾಜಣ್ಣನವರಿಗೆ ಒಂದು ವಾಕ್ಯ ಅಭ್ಯಾಸ ಮಾಡಿಸಿದೆ: “ಬಾಯಿಗೆ ಆಪರೇಷನ್ ಆಗಿದೆ, ಸ್ವಲ್ಪ ನಿಧಾನವಾಗಿ ಕೇಳಿಸಿಕೊಳ್ಳಿ.” ಯಾರ ಹತ್ತಿರ ಹೋದರೂ ಮೊದಲು ಇದೇ. ಕನ್ನಡಿ ಮುಂದೆ ಬೇಡ ಅಂದರು, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರು.

ಹೆಂಡತಿಯ ಜೊತೆ ಬೇರೆಯಾಗಿ ಮಾತಾಡಿದೆ. ತಿಂಗಳುಗಟ್ಟಲೆ ಮೂಗಿನ ಪೈಪಿನಲ್ಲಿ ಗಂಜಿ ಹಾಕಿದವರು. “ನನ್ನನ್ನ ಯಾರೂ ಹೇಗಿದ್ದೀಯಾ ಅಂತ ಕೇಳಿಲ್ಲ” ಅಂತ ಅತ್ತರು. ವಾರಕ್ಕೆ ಒಂದು ಮಧ್ಯಾಹ್ನ ಅಂಗಡಿ ಮಗನಿಗೆ ಬಿಟ್ಟು ತಂಗಿ ಮನೆಗೆ ಹೋಗಿಬನ್ನಿ ಅಂದೆ. ಚೆಕಪ್ ಹತ್ತಿರ ಬಂದರೆ ಇಬ್ಬರಿಗೂ ಹೊಟ್ಟೆಯಲ್ಲಿ ತಳಮಳ. ಅದು ಎಲ್ಲರಿಗೂ ಇರೋದೇ. ಈ ಕಾಯಿಲೆ ಮರಳೋದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ, ಅದಕ್ಕೇ ತಪ್ಪಿಸಬೇಡಿ ಅಂತ ಒತ್ತಿ ಹೇಳಿದೆ. ಖರ್ಚಿನ ಮಾತು ಬಂತು. ಚಿಕಿತ್ಸೆ, ಚೆಕಪ್‌ಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ನೂರಕ್ಕೆ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬೇಕು. ಇದು ಅವರಿಗೆ ಗೊತ್ತೇ ಇರಲಿಲ್ಲ.

ಈಗ ಬೆಳಗಿನ ಹೊತ್ತು ಅಂಗಡಿಯಲ್ಲಿ ಕೂರುತ್ತಾರೆ. ಪ್ಯಾಕೆಟ್ ಸರಗಳನ್ನು ತೆಗೆಸಿದ್ದಾರೆ, ವ್ಯಾಪಾರ ಕಮ್ಮಿಯಾಗಿದೆ ಅಂತ ಹೆಂಡತಿ ಗೊಣಗುತ್ತಾರೆ. ಹಾಸಿಗೆ ಮನೆಯೊಳಗೆ ಬಂದಿದೆ. ಮದುವೆ ಮನೆಗೆ ಇನ್ನೂ ಹೋಗಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಬಗೆಹರಿಯದ್ದು ಅಣ್ಣನ ಮನೆಯ ವಿಷಯ. ಅಲ್ಲಿ ಇವರಿಗೆ ಮಾತ್ರ ಪೇಪರ್ ಲೋಟದಲ್ಲಿ ಕಾಫಿ ಕೊಡುತ್ತಾರೆ. ಬಾಯಿ ಕ್ಯಾನ್ಸರ್ ಎಂಜಲಿನಿಂದ ಅಂಟೋದಿಲ್ಲ ಅಂತ ತಮ್ಮ ಹೇಳಿದರೆ ಅಣ್ಣ ಕೇಳೋದಿಲ್ಲ. ಮುಂದಿನ ಸಲ ಬರುವಾಗ ಅಣ್ಣ, ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.