ಬಲಗೈಯ ಊಟ

ವರ್ಷ ಮುಗಿಯುವಾಗ ‘ಇದೊಂದು ಸಿಕ್ಕಿತಲ್ಲ, ಸಾಕು’ ಅನ್ನಿಸಿದ ಸಣ್ಣ ಖುಷಿ ಯಾವುದು ಅಂತ ಕೇಳಿದ್ದೀರಿ. ನನಗೆ ಈ ವರ್ಷ ಸಿಕ್ಕಿದ್ದು ನನ್ನದೇ ಬಲಗೈ. ತಮಾಷೆಯಲ್ಲ.

ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿ ಕಡೆ. ಕರಾವಳಿಯ ಮಳೆ ಗೊತ್ತಿರುವವರಿಗೆ ಅಂಗಳದ ಪಾಚಿಯೂ ಗೊತ್ತಿರುತ್ತದೆ. ಕಾಲು ಜಾರಬಾರದೆಂದು ಮಳೆಗೆ ಮೊದಲೇ ಅಂಗಳಕ್ಕೆ ಸೋಗೆ ಹಾಸುವುದು ರೂಢಿ. ಈ ಸಲ ಆ ಕೆಲಸ ನನ್ನದಾಗಿತ್ತು. ನಾಳೆ ಹಾಸಿದರಾಯ್ತು ಅಂತ ದಿನ ತಳ್ಳಿದೆ. ಆಗಸ್ಟ್ ಮೊದಲ ವಾರ, ತುಳುವರ ಮಳೆಗಾಲದ ಆಟಿ ತಿಂಗಳು, ಒಂದು ಗಳಿಗೆ ಬಿಸಿಲು ಬಂತೆಂದು ಅಮ್ಮ ಬಟ್ಟೆ ಹೊರಗೆ ಹಾಕಿದ್ದರು. ಮಳೆ ಬಂತು, ನಾನು ಓಡಿದೆ. ಅಷ್ಟೇ. ಬಲಗೈ ಊರಿ ಬಿದ್ದದ್ದಕ್ಕೆ ಮಣಿಕಟ್ಟಿನ ಮೂಳೆ ಮುರಿಯಿತು. 6 ವಾರ ಪ್ಲಾಸ್ಟರ್.

ನೋವು ಹೇಗೋ ಅಭ್ಯಾಸವಾಯಿತು. ಅಭ್ಯಾಸವಾಗದೇ ಉಳಿದದ್ದು ಊಟ. ಎಡಗೈಯಲ್ಲಿ ಉಣ್ಣುವುದಕ್ಕೆ ನಮ್ಮ ಮನೆಯಲ್ಲಿ ಒಪ್ಪಿಗೆ ಇಲ್ಲ, ಚಮಚಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ಕುಚ್ಚಲಕ್ಕಿ ಅನ್ನವನ್ನು ಚಮಚದಲ್ಲಿ ತಿಂದು ನೋಡಿ. ಆ ದಪ್ಪ ಅಗುಳು ಒಂದು ಕಡೆ, ಸಾರು ಇನ್ನೊಂದು ಕಡೆ. ಬೆರಳಿನಲ್ಲಿ ಸ್ವಲ್ಪ ನುರಿಯದೆ ಅವೆರಡೂ ಸೇರುವುದೇ ಇಲ್ಲ. ಎರಡು ದಿನ ನೋಡಿ ಅಮ್ಮನೇ ಕಲಸಿ ಬಾಯಿಗೆ ಹಾಕಿದರು. ನನಗೆ 36 ವರ್ಷ. ಅಕ್ಕನ ಮಗ ಎದುರು ಕೂತು, ತಾನೇ ಕೈಯಲ್ಲಿ ಉಣ್ಣುತ್ತಾ, ನನ್ನನ್ನೇ ನೋಡುತ್ತಿದ್ದ. ಮದುವೆ, ಪೂಜೆ ಅಂತ ಊಟದ ಹೇಳಿಕೆ ಬಂದರೆ ಏನಾದರೂ ನೆಪ ಹೇಳಿ ತಪ್ಪಿಸಿದೆ. ಅಷ್ಟಮಿಯ ಉಂಡೆ, ಚಕ್ಕುಲಿಗೆ ಮಾತ್ರ ಎಡಗೈ ಆಗುತ್ತದೆ ಅಂತ ತೀರ್ಪಾಯಿತು. ಅದು ಯಾವ ಶಾಸ್ತ್ರವೋ, ನಾನು ಕೇಳಲು ಹೋಗಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದೆ. ಮಣಿಕಟ್ಟು ತುಕ್ಕು ಹಿಡಿದ ಬೀಗದ ಹಾಗಿತ್ತು. ಬೆರಳು ಮಡಚಿದರೆ ತುತ್ತು ನಿಲ್ಲುತ್ತಿರಲಿಲ್ಲ. ಫಿಸಿಯೋಥೆರಪಿಯವರು ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಾ ಒತ್ತಲು ಹೇಳಿದರು. ಪಕ್ಕದ ಮನೆಯ ಬಾಯಮ್ಮ ಇದನ್ನು ತಿಂಗಳುಗಟ್ಟಲೆ ನೋಡಿದರು. ಡಿಸೆಂಬರ್ ಮಧ್ಯದಲ್ಲಿ ಒಂದು ಸಂಜೆ ಬೇಲಿಯಾಚೆಯಿಂದ ಕರೆದರು. “ಸುಮ್ನೆ ಆ ಚೆಂಡು ಯಾಕೆ ಒತ್ತುವುದು ಮಾರಾಯ? ಇಲ್ಲಿ ಬಂದು ನನ್ನ ಹಿಟ್ಟು ಒತ್ತು.”

ಕ್ರಿಸ್ಮಸ್‌ನ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಯಾರಿ. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಿದರೆ ಕಿಡಿಯೊ. ಕೊಂಕಣಿಯಲ್ಲಿ ಹುಳು ಅಂತ ಅರ್ಥ, ನೋಡಲೂ ಹಾಗೇ. ನನ್ನವು ಮೊದಲ ದಿನ ಹುಳುವಿನ ಹಾಗೆ ಇರಲಿಲ್ಲ, ಹುಳು ತಿಂದ ಹಾಗಿದ್ದವು. ಬಾಯಮ್ಮ ಅವನ್ನೂ ಕರಿದು ಸಕ್ಕರೆ ಪಾಕಕ್ಕೆ ಹಾಕಿ, ಬೇರೆ ಡಬ್ಬಿಯಲ್ಲಿ ತುಂಬಿ, “ಇದು ನಿಮ್ಮ ಮನೆಗೆ” ಅಂದರು. ನಾಲ್ಕನೇ ಸಂಜೆಯ ಕಿಡಿಯೊ ಮಾತ್ರ ಎಲ್ಲರ ತಟ್ಟೆಗೂ ಹೋಯಿತು.

ಇನ್ನು ಗುಳ್ಳ. ಬೇರೆ ಊರಿನವರಿಗೆ ಹೇಳಬೇಕು, ಮಟ್ಟು ಗುಳ್ಳ ಅಂದರೆ ಇಲ್ಲೇ ಪಕ್ಕದ ಮಟ್ಟು ಊರಿನ ಗುಂಡು ಬದನೆ. ತಿಳಿ ಹಸಿರು ಬಣ್ಣ, ತೊಟ್ಟಿನಲ್ಲಿ ಮುಳ್ಳು. ಬೀಜ ಕೊಟ್ಟವರು ಸೋದೆ ಮಠದ ವಾದಿರಾಜ ಸ್ವಾಮಿಗಳು ಅಂತ ಊರಿನ ನಂಬಿಕೆ. 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೇ ಸೇರಿದ ಬೆಳೆ ಅನ್ನುವ ಮಾನ್ಯತೆಯೂ ಸಿಕ್ಕಿತು. ಮಳೆ ನಿಂತ ಮೇಲೆ ನೆಟ್ಟದ್ದು ವರ್ಷದ ಕೊನೆಗೆ ಅಂಗಡಿಗೆ ಬರುತ್ತದೆ. ಶುರುವಿನಲ್ಲಿ ರೇಟು ಜಾಸ್ತಿ, ಆದರೂ ಅಪ್ಪ ತಂದೇ ತರುತ್ತಾರೆ. ಹೆಚ್ಚಿನವರು ಕಾಯಿ ಅರೆದು ಹಾಕದ ಬೋಳು ಹುಳಿಗೆ ಮಾರುಹೋಗುತ್ತಾರೆ. ನನ್ನ ಕೇಳಿದರೆ ಸುಟ್ಟ ಗುಳ್ಳದ ಗೊಜ್ಜಿನ ಮುಂದೆ ಅದು ಏನೂ ಅಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಬಚ್ಚಲಿನ ಹಂಡೆಯ ಒಲೆಯಲ್ಲಿ ಕೆಂಡ ಇತ್ತು. ಗುಳ್ಳಕ್ಕೆ ತೆಂಗಿನೆಣ್ಣೆ ಸವರಿ ಅದರಲ್ಲಿ ಹುಗಿದಿಟ್ಟೆ. ಸಿಪ್ಪೆ ಕಪ್ಪಾಗಿ ಬಿರಿದ ಮೇಲೆ ಸುಲಿದು, ಉಪ್ಪು, ಹಸಿಮೆಣಸು, ಹುಣಸೆ ರಸ, ಚೂರು ಬೆಲ್ಲ ಹಾಕಿದೆ. ಅಮ್ಮ ಸೌಟು ತಂದರು. ಬೇಡ ಅಂದೆ. ಕೈ ಹಾಕಿ ಕಿವುಚಿದೆ. ಬೆರಳು ಸುಟ್ಟಿತು, ಹಸಿಮೆಣಸಿನ ಉರಿ ಬೇರೆ. ಆದರೆ ಐದು ಬೆರಳೂ ಮಡಚುತ್ತಿದ್ದವು! ಮೇಲೆ ಸಾಸಿವೆ ಒಗ್ಗರಣೆ ಬಿತ್ತು.

ಆಮೇಲೆ ಗಂಜಿ. ಬಟ್ಟಲಿಗೆ ಕೈ ಅದ್ದಿ, ಅಗುಳು ಹಿಂಡಿ ತೆಗೆದು, ಗೊಜ್ಜಿಗೆ ಮುಟ್ಟಿಸಿ ಬಾಯಿಗಿಟ್ಟೆ. ತಿಳಿ ಬೆರಳ ಸಂದಿಯಿಂದ ಜಾರಿ ಮೊಣಕೈವರೆಗೆ ಇಳಿಯಿತು. “ಸಣ್ಣ ಮಕ್ಕಳ ಹಾಗೆ ಉಣ್ಣಬೇಡ” ಅಂತ ಅಮ್ಮ ಬೈದರು. ಇನ್ನೊಂದು ಬಟ್ಟಲು ಕೇಳಿದೆ.

ಕೈ ಪೂರ್ತಿ ಸರಿಯಾಗಿಲ್ಲ. ಬಾವಿಯಿಂದ ತುಂಬಿದ ಕೊಡಪಾನ ಎಳೆಯಲು ಆಗುವುದಿಲ್ಲ, ಅರ್ಧ ಎಳೆಯುತ್ತೇನೆ. ಬಿದ್ದ ಸೋಗೆಯನ್ನು ಈಗಲೇ ಕಟ್ಟಿ ಕೊಟ್ಟಿಗೆಯ ಮೂಲೆಯಲ್ಲಿ ಇಡುತ್ತಿದ್ದೇನೆ. ಮಳೆಗೆ ಇನ್ನೂ ಐದು ತಿಂಗಳಿದೆ ಅಂತ ಅಪ್ಪ ನಗುತ್ತಾರೆ. ನಗಲಿ.